ಔಷಧ ಕುಡಿದ ಬಂಡಿ

ನಾನು ಚಿಕ್ಕವನಿದ್ದಾಗ ಬೇಸಿಗೆ ಸೂಟಿಗೆ ಹೋಗುವ ದಾರಿ ಔಡಲೆಣ್ಣೆಯ ಮೂಲಕವೇ ಹಾದುಹೋಗುತ್ತಿತ್ತು. ಬೇರೆ ದಾರಿ ಇರಲಿಲ್ಲ. ಇದ್ದಿದ್ದರೆ ನಾನು ಹುಡುಕಿರುತ್ತಿದ್ದೆ. ಶಾಲೆ ಮುಚ್ಚಿದ ಮರುದಿನ ಬೆಳಗ್ಗೆ ಅಪ್ಪ ಪಡಸಾಲೆಯಲ್ಲಿ ನ್ಯಾಯಾಧೀಶನಂತೆ ಕೂಡುತ್ತಿದ್ದ. ಎದುರಿಗೆ ಎರಡು ಹಿತ್ತಾಳೆ ಬಟ್ಟಲು. ಒಂದು ಅಕ್ಕನಿಗೆ, ಒಂದು ನನಗೆ. ಬಿಸಿ ಸುಂಠಿ ಕಷಾಯ, ಅದರ ಮೇಲೆ ಮಂದವಾಗಿ ತೇಲುವ ಔಡಲೆಣ್ಣೆ, ಎಂದರೆ ಹರಳೆಣ್ಣೆ. ಕುಡಿದರೆ ದಿನವೆಲ್ಲ ಹಿತ್ತಲಿಗೆ ಓಡಾಟ. "ಹೊಟ್ಟಿ ಹಸನಾಗಲಿಲ್ಲಂದ್ರ ಮಾವಿನ ಹಣ್ಣು ಮುಟ್ಟೂಹಂಗಿಲ್ಲ" ಎಂಬುದು ಅಪ್ಪನ ಕಾನೂನು. ನಿಜಾಮ ಸರ್ಕಾರದ ಹುಕುಮಿಗಾದರೂ ಅರ್ಜಿ ಹಾಕಬಹುದಿತ್ತು. ಇದಕ್ಕೆ ಅದೂ ಇಲ್ಲ.

ಆ ವರ್ಷ ಅಳವಂಡಿಯಿಂದ ಇಟಗಿಗೆ, ಅತ್ತೆಯ ಮನೆಗೆ ಹೋಗುವುದಿತ್ತು. ಅತ್ತೆ ಮಾವಿನಕಾಯಿಗಳನ್ನು ಹುಲ್ಲಿನಲ್ಲಿ ಹಣ್ಣಿಗೆ ಹಾಕಿದ್ದಳು. ನಾವು ಬಂದ ಮರುದಿನವೇ ಹುಲ್ಲು ಸರಿಸುವುದಾಗಿ ಹೇಳಿ ಕಳಿಸಿದ್ದಳು. ಅಕ್ಕ ಮೂಗು ಹಿಡಿದು ಬಟ್ಟಲು ಬರಿದು ಮಾಡಿ, ಬಾಯಿಗೆ ಬೆಲ್ಲ ಹಾಕಿಕೊಂಡು, ಲೋಕಕ್ಕೆ ಉಪಕಾರ ಮಾಡಿದವಳಂತೆ ನಿಂತಳು. ನಾನು "ಸುಡಾಕತ್ತೈತಿ, ಆರಲಿ" ಎಂದು ಬಟ್ಟಲು ಹಿಡಿದು ಅಂಗಳಕ್ಕೆ ಹೋದೆ.

ಅಂಗಳದಲ್ಲಿ ನಮ್ಮ ಬಂಡಿ ನಿಂತಿತ್ತು. ಅದರ ಕೆಳಗೆ, ಗಾಲಿಯ ಅಚ್ಚಿಗೆ ಹಚ್ಚುವ ಕೀಲೆಣ್ಣೆಯ ಬಿದಿರು ಗೊಟ್ಟ ತೂಗುತ್ತಿತ್ತು. ಕೀಲೆಣ್ಣೆಯೆಂದರೆ ಹುಲ್ಲಿನ ಬೂದಿ ಕಲಸಿದ ಔಡಲೆಣ್ಣೆಯೇ. ಎಣ್ಣೆ ಎಣ್ಣೆಯನ್ನು ಸೇರುವುದರಲ್ಲಿ ಅಧರ್ಮವೇನು? ಸುರಿದುಬಿಟ್ಟೆ. ಕಷಾಯವೂ ಜೊತೆಗೆ ಹೋಯಿತು; ಅದರ ಬಗ್ಗೆ ಮಾತ್ರ ನಾನು ಯೋಚಿಸಲಿಲ್ಲ.

ಮುಂದಿನದು ನಟನೆ. ಅಕ್ಕ ತಂಬಿಗೆ ಹಿಡಿದು ಹಿತ್ತಲ ಬೇಲಿಯ ಕಡೆ ಓಡಿದಾಗಲೆಲ್ಲ ನಾನೂ ಇನ್ನೊಂದು ತಂಬಿಗೆ ಹಿಡಿದು ಓಡಿದೆ. ಬೇಲಿಯ ಮರೆಯಲ್ಲಿ ಕೂತು ಇರುವೆ ಸಾಲು ನೋಡಿ ಬರುತ್ತಿದ್ದೆ. ಆಕೆ ಐದು ಸಲ, ನಾನು ಎರಡು ಹೆಚ್ಚಿಗೆ ಸೇರಿಸಿ ಏಳು ಸಲ. "ಹುಡುಗನ ಹೊಟ್ಟಿ ಕನ್ನಡಿ ಆಗೇತಿ ನೋಡು" ಎಂದು ಅಪ್ಪ ಅವ್ವನಿಗೆ ಹೆಮ್ಮೆಯಿಂದ ಹೇಳಿದ.

ಹೊರಡುವ ದಿನ ನಸುಕಿನ ಮಬ್ಬಿನಲ್ಲೇ ಅಪ್ಪ ಗಾಲಿಗಳಿಗೆ ಕೀಲೆಣ್ಣೆ ಹಚ್ಚಿ ಬಂಡಿ ಹೂಡಿದ. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಬಿಸಿಲು ತಾಗಬಾರದೆಂದು ಅವ್ವ ನಮ್ಮಿಬ್ಬರ ಕಿಸೆಯಲ್ಲೂ ಒಂದೊಂದು ಉಳ್ಳಾಗಡ್ಡಿ ಇಟ್ಟಿದ್ದಳು. ಹೊತ್ತೇರಿತು. ಬಿರುಕುಬಿಟ್ಟ ಕರಿ ಹೊಲಗಳ ಮೇಲೆ ಝಳ ಕುಣಿಯುತ್ತಿತ್ತು. ಆಗ ಬಲಗಡೆಯ ಗಾಲಿ ಸಣ್ಣಗೆ ಗೊಣಗಿತು. ಆಮೇಲೆ ನರಳಿತು. ಆಮೇಲೆ ಸುತ್ತಲ ಹೊಲಕ್ಕೆಲ್ಲ ಕೇಳುವಂತೆ ಕಿರುಚತೊಡಗಿತು. ನಾನು ಮೆಲ್ಲಗೆ ಅಕ್ಕನ ಬೆನ್ನ ಹಿಂದೆ ಸರಿದು ಕೂತೆ.

ಅಪ್ಪ ಬೇವಿನ ಮರದಡಿ ಬಂಡಿ ನಿಲ್ಲಿಸಿ ಗೊಟ್ಟ ಬಿಚ್ಚಿದ. ಅಲುಗಿಸಿದರೆ ಗುಳುಗುಳು ಎಂದಿತು. ಮೂಸಿದ. ಬಹಳ ಹೊತ್ತು ಮೂಸಿದ.

"ಸುಂಠಿ ವಾಸನಿ ಬರ್ತೈತಿ," ಎಂದ.

"ನಾ ನಂದು ಕುಡದೀನಪ್ಪಾ," ಅಕ್ಕ ಯಾರೂ ಕೇಳುವ ಮೊದಲೇ ಹೇಳಿದಳು. "ಒಂದು ಹನಿ ಬಿಟ್ಟಿಲ್ಲ."

ಅಪ್ಪ ನನ್ನ ಕಡೆ ತಿರುಗಿದ. "ಬಂಡಿಗೆ ಹೊಟ್ಟಿ ಕಟ್ಟಿತ್ತೇನಲೇ, ಕಷಾಯ ಕುಡಿಸೀದಿ?"

"ಅದಕ್ಕೂ ಛಲೋ ಆಗ್ಲಿ ಅಂತ..."

"ಮತ್ತ ಏಳು ಸಲ ಓಡಿದ್ದು?"

"ಅಕ್ಕಗ ಜೋಡಿ ಆಗ್ಲಿ ಅಂತ."

ಅಪ್ಪ ಥಟ್ಟನೆ ಮುಖ ತಿರುಗಿಸಿ ಎತ್ತಿನ ಕೊರಳು ತಿಕ್ಕತೊಡಗಿದ. ಅವನ ಬೆನ್ನು ಯಾಕೆ ಅಲುಗುತ್ತಿತ್ತು ಎಂಬುದು ನನಗೆ ಬಹಳ ವರ್ಷಗಳ ನಂತರ ತಿಳಿಯಿತು.

ಔಡಲೆಣ್ಣೆಯ ಸಣ್ಣ ಶೀಶೆಯಿಲ್ಲದೆ ಅಪ್ಪ ಊರು ಬಿಡುತ್ತಿರಲಿಲ್ಲ. ಅದನ್ನು ಗಂಟಿನಿಂದ ತೆಗೆದು ಅರ್ಧ ಎಣ್ಣೆಯನ್ನು ಗಾಲಿಗೆ ಹಾಕಿದ. ಗಾಲಿ ಬಾಯಿ ಮುಚ್ಚಿತು. ಉಳಿದರ್ಧವನ್ನು ಬಿಸಿಲಿಗೆ ಹಿಡಿದು ನೋಡಿ, "ನಿನ್ನ ಪಾಲು ಬಂಡಿ ಕುಡದೈತಿ. ಬಂಡಿ ಪಾಲು ನಾಳೆ ಮುಂಜಾನಿ ನೀ ಕುಡೀಬೇಕು" ಎಂದ. ಇದಕ್ಕಿಂತ ನ್ಯಾಯವಾದ ತೀರ್ಪನ್ನು ನಾನು ಈವರೆಗೆ ಕೇಳಿಲ್ಲ, ಇದಕ್ಕಿಂತ ಕ್ರೂರವಾದದ್ದನ್ನೂ.

ಮರುದಿನ ಅತ್ತೆಯ ಮನೆ ತುಂಬ ಮಾವಿನ ಘಮ. ಎಲ್ಲರೂ ಮೊಣಕೈವರೆಗೆ ರಸ ಇಳಿಸಿಕೊಂಡು ತಿನ್ನುತ್ತಿದ್ದರೆ ನಾನು ತಂಬಿಗೆ ಹಿಡಿದು, ಈ ಸಲ ನಿಜವಾಗಿ, ಓಡುತ್ತಿದ್ದೆ. "ಏನೋ ಅಳಿಯಾ, ಇಷ್ಟು ದೂರ ಬಂದಿದ್ದು ನಮ್ಮ ಹಿತ್ತಲ ನೋಡಾಕೇನು?" ಎಂದು ಅತ್ತೆ ಪ್ರತಿ ಸಲವೂ ಕೇಳುತ್ತಿದ್ದಳು. ಸಂಜೆ ಗಂಜಿ ಕುಡಿದು ಗೋಡೆಗೆ ಒರಗಿದ್ದಾಗ ಅಕ್ಕ ಬಂದು ಲಂಗದ ಮರೆಯಿಂದ ಒಂದು ಹಣ್ಣು ತೆಗೆದಳು. "ದೊಡ್ಡದು ನೋಡಿ ಇಟ್ಟೀನಿ. ನಾಳಿಗೆ ತಿನ್ನು. ಇವತ್ತ ಬರೇ ಮೂಸು." ಮೂಸಿದೆ. ಅಪ್ಪ ಗೊಟ್ಟ ಮೂಸಿದ್ದಕ್ಕಿಂತ ಹೆಚ್ಚು ಹೊತ್ತು ಮೂಸಿದೆ.

ನಿಮ್ಮ ಸೂಟಿಯ ತಯಾರಿಯೇ ಬೇರೆ, ಮೊಮ್ಮಕ್ಕಳೇ. ನಿಮಗೆ ಕಿತ್ತಳೆ ರುಚಿಯ ಟಾನಿಕ್ಕಿದೆ, ಅದಕ್ಕೆ ಅಳತೆಯ ಮುಚ್ಚಳವಿದೆ, ಬಿಸಿಲಿಗೆ ಬಣ್ಣದ ಟೊಪ್ಪಿಗೆಯಿದೆ. ಕಿಸೆಯಲ್ಲಿ ಉಳ್ಳಾಗಡ್ಡಿಯಿಲ್ಲ. ನಿಮ್ಮ ಕಾರು ಕಿರುಚಿ ಯಾರ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ. ಆದರೆ ಮೊನ್ನೆಯಿಂದ ಕಟ್ಟೆಯ ಮೇಲಿನ ತುಳಸಿ ಕುಂಡಕ್ಕೆ ಇರುವೆಗಳ ಉದ್ದನೆಯ ಸಾಲು ಹತ್ತಿದೆ. ಮಣ್ಣು ಮೂಸಿ ನೋಡಿದೆ, ಕಿತ್ತಳೆ ವಾಸನೆ. ನಿಮ್ಮ ಅಪ್ಪನಿಗೆ ನಾನು ಏನೂ ಹೇಳಿಲ್ಲ. ಮಾವಿನ ಹಣ್ಣಿನ ಬುಟ್ಟಿ ಮಾತ್ರ ನನ್ನ ಮಂಚದ ಕೆಳಗಿದೆ. ಬನ್ನಿ, ಒಬ್ಬೊಬ್ಬರಿಗೆ ಒಂದೊಂದು ಕೊಡುತ್ತೇನೆ. ಇವತ್ತು ಬರೇ ಮೂಸಿ.