ಚಪ್ಪಾಳೆ ಹೊಡೆದ ಹುಡುಗ

ಮೊನ್ನೆ ಭಾನುವಾರ ಥಿಯೇಟರಿನಲ್ಲಿ ಎಲ್ಲರೂ ಸಿನಿಮಾ ನೋಡುತ್ತಿದ್ದರು. ನಾನು ಸಿನಿಮಾ ನೋಡುತ್ತಿದ್ದ ಒಬ್ಬ ಹುಡುಗನನ್ನು ನೋಡುತ್ತಿದ್ದೆ.

ತಪ್ಪು ತಿಳಿಯಬೇಡಿ. ಅವನು ಪ್ರಜ್ವಲ್. ನನ್ನ ತಂಗಿಯ ಮಗಳು ದೀಕ್ಷಾ ಮೆಚ್ಚಿದ ಹುಡುಗ. ನಮ್ಮ ಕಡೆ ಹುಡುಗಿಯ ಸೋದರಮಾವ ಹೂಂ ಅನ್ನದೆ ಮದುವೆ ಮಾತು ಮುಂದೆ ಹೋಗುವುದಿಲ್ಲ. (ಹಿಂದೆ ಮಾವಂದಿರಿಗೆ ಆಸ್ತಿಯ ಯಜಮಾನಿಕೆಯೂ ಇತ್ತು. ಈಗ ಉಳಿದಿರುವುದು ಈ ಹೂಂ ಒಂದೇ. ಅದನ್ನು ಸುಲಭಕ್ಕೆ ಬಿಟ್ಟುಕೊಡುವುದುಂಟೇ?) "ಅವರಿಬ್ಬರ ಒಟ್ಟಿಗೆ ಸಿನಿಮಾಕ್ಕೆ ಹೋಗಿ ಬಾ, ಹುಡುಗ ಹೇಗೆ ಅಂತ ಗೊತ್ತಾಗ್ತದೆ" ಎಂದು ತಂಗಿ ಜೆಪ್ಪುವಿನ ತನ್ನ ಮನೆಯಿಂದಲೇ ಆರ್ಡರ್ ಮಾಡಿದ್ದಳು.

ಹುಡುಗನಿಗೆ ಕೊರತೆಯಿಲ್ಲ. ನಗುಮುಖ, ಒಳ್ಳೆಯ ಮಾತು. ಇಬ್ಬರಿಗೂ ಬಲ್ಮಠದ ಒಂದೇ ಆಫೀಸಿನಲ್ಲಿ ಕೆಲಸ. ತೊಡಕೆಂದರೆ, ಅಲ್ಲಿ ಮ್ಯಾನೇಜರ್ ಪೋಸ್ಟ್ ಖಾಲಿಯಿದೆ. ಇಬ್ಬರೂ ಇಂಟರ್‌ವ್ಯೂ ಕೊಟ್ಟು ರಿಸಲ್ಟ್‌ಗೆ ಕಾಯುತ್ತಿದ್ದಾರೆ.

ಸಿನಿಮಾದಲ್ಲೂ ಅದೇ ಕತೆ ಇರಬೇಕೇ! ಗಾಜಿನ ಆಫೀಸು, ಒಂದು ಪ್ರಮೋಷನ್, ಅದಕ್ಕಾಗಿ ಕಿತ್ತಾಡುವ ಹೀರೋ, ಹೀರೋಯಿನ್. ಲಿಫ್ಟ್ ಕೆಟ್ಟು ನಿಲ್ಲುತ್ತದೆ, ಪ್ರೀತಿ ಶುರುವಾಗುತ್ತದೆ. (ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಆಗಾಗ ಕೆಡುತ್ತದೆ. ಜಗಳ ಬಿಟ್ಟರೆ ಬೇರೇನೂ ಶುರುವಾದದ್ದಿಲ್ಲ.) ಕೊನೆಗೆ ಪ್ರಮೋಷನ್ ಅವಳಿಗೆ ಸಿಗುತ್ತದೆ. ಅವನ ಮುಖ ಬಾಡುತ್ತದೆ. ಅವಳು ರಾಜೀನಾಮೆ ಕೊಟ್ಟು ಓಡಿ ಬಂದು ಅವನನ್ನು ತಬ್ಬಿಕೊಳ್ಳುತ್ತಾಳೆ.

ಥಿಯೇಟರ್ ತುಂಬ ಚಪ್ಪಾಳೆ. ಪ್ರಜ್ವಲನದ್ದು ಎಲ್ಲರಿಗಿಂತ ಜೋರು. ದೀಕ್ಷಾಳ ಕೈ ಪಾಪ್‌ಕಾರ್ನ್ ಡಬ್ಬಿಯಲ್ಲೇ ಇತ್ತು.

ಹೊರಗೆ ಐಸ್‌ಕ್ರೀಮ್ ತಿನ್ನುವಾಗ ಅವಳು ಕೇಳಿದಳು: "ಅವಳು ಎಂತಕ್ಕೆ ಕೆಲಸ ಬಿಟ್ಟದ್ದು ಮಾರಾಯ? ಅವನು ಬಿಡ್ಬಹುದಿತ್ತಲ್ಲ?"

"ಹೀರೋ ಬಿಟ್ರೆ ಆ ಸಿನಿಮಾ ಯಾರು ನೋಡ್ತಾರೆ?" ಎಂದು ಅವನು ನಕ್ಕ.

"ನಮ್ಮ ಪೋಸ್ಟ್ ನನಗೆ ಸಿಕ್ಕಿದ್ರೆ?"

"ನೋಡುವ" ಎಂದ.

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನನಗೆ ಭಯವಾದದ್ದು ಅದಕ್ಕೇ. ಕೆಟ್ಟವನಾಗಿದ್ದರೆ ಬೇಡ ಎನ್ನುವುದು ಎಷ್ಟು ಸುಲಭ, ಅಲ್ಲವೇ? "ರಿಸಲ್ಟ್ ಬರಲಿ, ಆಮೇಲೆ ಹೇಳ್ತೇನೆ" ಎಂದು ತಂಗಿಗೆ ಹೇಳಿ ಸುಮ್ಮನಾದೆ.

ಬುಧವಾರ ರಿಸಲ್ಟ್ ಬಂತು. ಪೋಸ್ಟ್ ದೀಕ್ಷಾಳಿಗೆ. ಫೋನ್ ಮಾಡಿ ತುಳು, ಕನ್ನಡ, ಇಂಗ್ಲಿಷ್ ಎಲ್ಲವನ್ನೂ ಕಲೆಸಿ ಒಂದೇ ಉಸಿರಿಗೆ ಮಾತಾಡಿದಳು. ನನಗೂ ಹೆಮ್ಮೆಯಾಯಿತು.

ಅದರ ಹಿಂದೆಯೇ ಪ್ರಜ್ವಲನ ಫೋನ್. ಸ್ವರ ಸಣ್ಣಗಾಗಿತ್ತು.

"ಅಂಕಲ್, ಮದುವೆಯಾದ ಮೇಲೆ ಹೆಂಡತಿಯ ಕೈಕೆಳಗೆ ಕೆಲಸ ಅಂದ್ರೆ ಹೇಗೆ? ನೀವು ಅವಳ ಮಾಮ ಅಲ್ವಾ, ನಿಮ್ಮ ಮಾತು ಅವಳು ತೆಗೆದುಹಾಕುದಿಲ್ಲ. ಪೋಸ್ಟ್ ಬೇಡ ಅಂತ ಸ್ವಲ್ಪ ಹೇಳಿ ನೋಡ್ತೀರಾ?"

ಸೋದರಮಾವನಿಗೆ ಇಷ್ಟು ಬೆಲೆ ಬಂದು ಎಷ್ಟು ಕಾಲವಾಗಿತ್ತೋ! ಸಿಟ್ಟು ಬಂತು. ನಗುವೂ ಬಂತು.

"ಹೇಳುವ ಮಾರಾಯ, ಅದಕ್ಕೆಂತ" ಎಂದೆ. "ಆದ್ರೆ ಹೇಳ್ಬೇಕಾದ್ದು ಅವಳಿಗಲ್ಲ, ನಿನಗೆ. ನಿನ್ನ ಮಾಮನ ನಂಬರ್ ಕೊಡು."