ಸೇತುವೆಯ ಮೇಲಿಂದ ಇಳಿಬಿಟ್ಟ ತಂಬಿಗೆ

೧೯೪೮ರಲ್ಲಿ ನಾನು ಉರ್ದು ಶಾಲೆ ಬಿಟ್ಟೆ. ಆಮೇಲೆ ಕಲಿತದ್ದೆಲ್ಲ ಲಾರಿಯ ಸ್ಟೀರಿಂಗ್ ಹಿಡಿದು. ಕನ್ನಡ ಅಕ್ಷರವನ್ನೂ ಊರೂರಿನ ಬೋರ್ಡು ನೋಡಿಯೇ ಕೂಡಿಸಿಕೊಂಡೆ.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ಬೀದರಿನಿಂದ ಔರಾದಕ್ಕೆ ಹೋಗುವ ದಾರಿಯಲ್ಲಿ ಮಾಂಜ್ರಾ ನದಿಗೆ ಎತ್ತರದ ಸೇತುವೆ ಎದ್ದಿತು. ಅದಕ್ಕೆ ಭಾಲ್ಕಿ ಕಡೆಯಿಂದ ಕಲ್ಲು ಹೊತ್ತದ್ದು ನನ್ನ ಲಾರಿ. ಮೇಲಿಂದ ನೋಡಿದರೆ ನೀರಿಗಿಳಿದ ಎಮ್ಮೆಗಳು ಇರುವೆಯಂತೆ ಕಾಣುತ್ತಿದ್ದವು. ಆ ಎತ್ತರಕ್ಕೆ ನನ್ನ ಬೆವರೂ ಸೇರಿದೆ ಎಂದು ಎದೆ ಉಬ್ಬಿಸಿಕೊಂಡು ತಿರುಗಿದೆ.

ಸೇತುವೆ ಮುಗಿದ ವರ್ಷವೇ ಕಮಠಾಣದಲ್ಲಿ ತಂಗಿಯ ಮದುವೆ ಮಾಡಿ, ಅವಳನ್ನೂ ಬೀಗರನ್ನೂ ಲಾರಿಯಲ್ಲಿ ಕೂಡಿಸಿಕೊಂಡು ಚಿಂತಾಕಿಗೆ ಹೊರಟೆ. ನಮ್ಮ ಕಡೆ ಮದುಮಗಳು ಹೊಳೆ ದಾಟುವಾಗ ಅದರ ನೀರಿನಲ್ಲಿ ಕಾಲು ತೊಳೆಯಬೇಕು, ಹೊಳೆಗೆ ತೆಂಗಿನಕಾಯಿ ಬಿಡಬೇಕು. ಇಲ್ಲವಾದರೆ ಗಂಡನ ಮನೆಯವರು ಒಳಗೆ ಕರೆದುಕೊಳ್ಳುವುದಿಲ್ಲ. ಮೊದಲು ನೀರಲ್ಲಿ ಇಳಿದೇ ದಾಟುತ್ತಿದ್ದೆವು, ಕಾಲು ತಾನಾಗಿ ತೊಯ್ಯುತ್ತಿತ್ತು. ಸೇತುವೆ ಕಟ್ಟಿದ ಜಾಣರು ಕೆಳಗಿಳಿಯಲು ಒಂದು ಮೆಟ್ಟಿಲೂ ಇಟ್ಟಿರಲಿಲ್ಲ. ಹಳೆಯ ದಾರಿಗೂ ಮಣ್ಣು ಸುರಿದು ಮುಚ್ಚಿದ್ದರು.

ನಟ್ಟನಡುವೆ ಬಂದಾಗ ವರನ ಅಜ್ಜಿ ಕೂಗಿದಳು: "ನಿಲ್ಲಸೋ ಅಪ್ಪಾ! ಹೊಳಿ ಮುಟ್ಟದ ಹುಡುಗೀನ ನಮ್ಮ ಮನಿಗಿ ಹ್ಯಾಂಗ ಒಯ್ಯಲಿ?"

ನಿಲ್ಲಿಸಿದೆ. ಸೇತುವೆಯ ಕಾವಲುಗಾರ ಸೀಟಿ ಊದುತ್ತ ಓಡಿಬಂದ. ಮೈಸೂರು ಕಡೆಯವನು.

"ಇಲ್ಲಿ ಗಾಡಿ ನಿಲ್ಲಿಸಬಾರದು ಕಣಯ್ಯಾ! ಈಗ ಹೊಸ ಸರ್ಕಾರ, ಹೊಸ ರೂಲು. ಲೈಸೆನ್ಸ್ ತೆಗಿ."

ಕೊಟ್ಟೆ. ಅದು ಹಳೆಯ ಸರ್ಕಾರದ ಕಾಲದ ಉರ್ದು ಬರಹ. ಅವನು ತಿರುಗಿಸಿ ಮುರುಗಿಸಿ ನೋಡಿದ.

"ಏನಯ್ಯಾ ಇದು?"

"ನನ್ನ ಹೆಸರು ಬರದದರಿ, ಓದ್ಕೋರಿ. ನೀವು ನಿಂತೀರಲ್ಲ, ಆ ಕಲ್ಲು ನಾ ಹೊತ್ತು ತಂದದ್ದು. ನಮ್ಮ ಹೊಳಿ ನಾವು ಮುಟ್ಟಲಾಕ ನಿಮ್ಮ ಹುಕುಂ ಯಾಕ ಬೇಕ್ರಿ?"

"ಮುಂದೆ ಹೋಗು ಅಂದ್ರೆ ಹೋಗಬೇಕು!"

ತಂಗಿ ಸೆರಗು ಕಚ್ಚಿಕೊಂಡು ಅಳತೊಡಗಿದಳು. ಅದನ್ನು ಕಂಡು ನನ್ನ ಮೈ ಉರಿದುಹೋಯಿತು. ಚೀಲ ಬಿಗಿಯುವ ಹಗ್ಗ ತೆಗೆದು, ತುದಿಗೆ ತಾಮ್ರದ ತಂಬಿಗೆ ಕಟ್ಟಿ ಇಳಿಬಿಟ್ಟೆ. ಹಗ್ಗವೆಲ್ಲ ಮುಗಿದರೂ ತಂಬಿಗೆ ಗಾಳಿಯಲ್ಲೇ ತೂಗಾಡುತ್ತಿತ್ತು. ಹಾಳಾದ ಎತ್ತರ! ನನ್ನ ತಲೆಯ ರುಮಾಲು ಬಿಚ್ಚಿ ಹಗ್ಗಕ್ಕೆ ಗಂಟು ಹಾಕಿದೆ. ಸಾಲಲಿಲ್ಲ.

ಅಜ್ಜಿ ಮೊಮ್ಮಗನಿಗೆ ತಿವಿದಳು: "ಹೇಂತಿ ಬೇಕಂದ್ರ ತಲಿಮ್ಯಾಗಿಂದು ತಗಿ!"

ವರ ಬಾಸಿಂಗ ಬಿಚ್ಚಿಟ್ಟು, ಜರಿಯ ರುಮಾಲು ತೆಗೆದುಕೊಟ್ಟ. ಬೋಳು ತಲೆಯ ಮದುಮಗನನ್ನು ನೋಡಿ ಅಳುತ್ತಿದ್ದ ತಂಗಿಯೂ ನಕ್ಕುಬಿಟ್ಟಳು. ಅದನ್ನೂ ಗಂಟು ಹಾಕಿದಾಗ ತಂಬಿಗೆ ನೀರು ಮುಟ್ಟಿತು. ಎಳೆಯುವಾಗ ಅರ್ಧ ಚೆಲ್ಲಿತು. ಉಳಿದರ್ಧದಲ್ಲಿ ಅಜ್ಜಿ ಅವಳ ಕಾಲು ತೊಳೆದಳು, ಕಾಯಿಯನ್ನು ಕೆಳಕ್ಕೆ ಬಿಟ್ಟಳು. ಕಾವಲುಗಾರ ಸೀಟಿ ಊದುತ್ತಲೇ ಇದ್ದ. ಊದಲಿ ಎಂದು ಅವನ ಕೈಯಿಂದ ಲೈಸೆನ್ಸ್ ಕಿತ್ತುಕೊಂಡು ಹೊರಟೆ.

ಮೆಟ್ಟಿಲು ಕಟ್ಟಿಸಿರೆಂದು ಎಷ್ಟು ಸಾಹೇಬರ ಮುಂದೆ ನಿಂತೆನೋ! ಇಂದಿಗೂ ಕಟ್ಟಿಲ್ಲ. ಆ ದಾರಿಯಲ್ಲಿ ಮದುವೆ ಲಾರಿ ಹೊರಟರೆ ಇಂದಿಗೂ ನನ್ನ ಮನೆಗೇ ಬರುತ್ತಾರೆ.

ಈಗ ನನ್ನಲ್ಲಿರುವುದು: ಲಾರಿ ಎರಡು, ಮನೆ ಒಂದು, ಚಿಂತಾಕಿಯಲ್ಲಿ ತಂಗಿ ಒಬ್ಬಳು, ತಂಬಿಗೆ ಒಂದು, ಹೊಳೆ ಮುಟ್ಟುವಷ್ಟು ಉದ್ದದ ಹಗ್ಗ ಒಂದು.