ಸಾದಾ ಡೀಸೆಲ್ಲಿನ ಗುರುಸಿದ್ದಪ್ಪ

ಗುರುಸಿದ್ದಪ್ಪ ಮಿಸ್ತ್ರಿ ಡೀಸೆಲ್ಲಿನ ರುಚಿ ನೋಡುತ್ತಿದ್ದ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ನೋಡುತ್ತಿದ್ದ. ಗಾಡಿಯ ಟ್ಯಾಂಕಿಗೆ ರಬ್ಬರ್ ಪೈಪು ಇಳಿಬಿಟ್ಟು, ಇನ್ನೊಂದು ತುದಿಯನ್ನು ಬಾಯಲ್ಲಿಟ್ಟು ಜಗ್ಗುತ್ತಿದ್ದ. ನಾಲಿಗೆಗೆ ತಾಗಿದ್ದೇ ತಡ ಪೈಪನ್ನು ಡಬ್ಬಿಗೆ ಬಿಟ್ಟು, ಬಾಯಲ್ಲಿದ್ದದ್ದನ್ನು ಗಟಾರಕ್ಕೆ ಉಗುಳಿ, ಕಣ್ಣು ಸಣ್ಣ ಮಾಡಿ ಒಂದು ಗಳಿಗೆ ನಿಲ್ಲುತ್ತಿದ್ದ. ಆಮೇಲೆ ತೀರ್ಪು. "ಛಲೋ ಐತಿ" ಅಥವಾ "ಥೂ, ಹೊಲಸು." ಮೊದಲ ಸಲ ಇದನ್ನು ನೋಡಿದಾಗ ಮುಖ ಆಚೆ ತಿರುಗಿಸಿದ್ದೆ. ಇಂಥ ಗಲೀಜು ಮನುಷ್ಯನ ಕೈಗೆ ಅಪ್ಪ ಗಾಡಿ ಕೊಡುತ್ತಾರಲ್ಲ ಎಂದು ಅಸಹ್ಯಪಟ್ಟುಕೊಂಡಿದ್ದೆ. ಯಾರು ಗಲೀಜು ಎಂಬುದು ತಿಳಿಯಲು ನನಗೆ ಹತ್ತು-ಹನ್ನೆರಡು ವರ್ಷ ಬೇಕಾಯಿತು.

ಅವನಿಗೆ ನಾನು ಎಂದೂ ಬಹುವಚನ ಹಚ್ಚಿದವನಲ್ಲ. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವನು. ಆದರೂ ನಾವು ಹತ್ತಿ ವ್ಯಾಪಾರದವರು, ಅವನು ಮಿಸ್ತ್ರಿ. ಈಗ ಬರೆಯುವಾಗ ಬಹುವಚನ ಹಚ್ಚಿದರೆ ಅದೂ ಒಂದು ಸೋಗಾಗುತ್ತದೆ. ಹಾಗಾಗಿ ಕರೆದ ಹಾಗೆಯೇ ಬರೆಯುತ್ತಿದ್ದೇನೆ.

ಅಮರಗೋಳದ ಮಾರ್ಕೆಟ್ ಯಾರ್ಡಿನ ಹಿಂದೆ ಅವನ ತಗಡಿನ ಶೆಡ್ಡು. ದಿನಾ ಸ್ನಾನ, ಲಿಂಗಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬರುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಮುಖವೆಲ್ಲ ಕರಿ ಆದರೂ ಆ ಮೂರು ಗೆರೆ ಮಾತ್ರ ಬೆಳ್ಳಗಿರುತ್ತಿದ್ದವು. ಕೆಲಸ ಮಾಡುವಾಗ ಮಾತಿಲ್ಲ. ಬಾನೆಟ್ ಎತ್ತಿ ಅದು ಮುಟ್ಟಿ ಇದು ಮುಟ್ಟಿ ಡಾಕ್ಟರಿಕೆ ಮಾಡುವ ಮಾಲೀಕರನ್ನು ಕಂಡರೆ ಮಾತ್ರ ಬಾಯಿ ಬಿಡುತ್ತಿದ್ದ. "ರೋಗ ಹೊಟ್ಟ್ಯಾಗ ಐತ್ರಿ. ನೀವು ತಲಿ ಒತ್ತಾಕತ್ತೀರಿ. ಸರೀರಿ ಅತ್ತಾಗ."

ತೊಂಬತ್ತರ ದಶಕದ ಕೊನೆಗೆ ನನ್ನ ತಂಗಿ ಸುಮಾಳ ಮದುವೆಯಾಯಿತು. ಹೂವು ಹಚ್ಚಿ ಸಿಂಗರಿಸಿದ್ದ ನಮ್ಮ ಡೀಸೆಲ್ ಅಂಬಾಸಿಡರ್ ಮದುಮಗಳನ್ನು ಕೂರಿಸಿಕೊಂಡು ಹೊರಟು, ದುರ್ಗದಬೈಲಿನ ಗದ್ದಲದ ನಡುವೆ ಗಪ್ಪನೆ ನಿಂತಿತು. ಹಿಂದಿನ ಟೆಂಪೋದಲ್ಲಿ ಮಿಸ್ತ್ರಿಯೂ ಬರುತ್ತಿದ್ದ, ಗರಿಗರಿ ಬಿಳಿ ಧೋತರ ಉಟ್ಟುಕೊಂಡು. ಇಳಿದವನೇ "ಮದುಮಗಳ ಗಾಡಿ ಹಿಂಗ ಬಜಾರದಾಗ ನಿಂದರಬಾರದ್ರಿ" ಎಂದು ರಸ್ತೆಯ ಮೇಲೆ ಅಂಗಾತ ಮಲಗಿಯೇಬಿಟ್ಟ. ಕಟ್ಟಿಕೊಂಡಿದ್ದ ಪೈಪನ್ನು ಬಾಯಿಂದ ಊದಿ ಬಿಡಿಸಿದ. ಮುಹೂರ್ತಕ್ಕೆ ಸರಿಯಾಗಿ ಮುಟ್ಟಿದೆವು. ಧೋತರ ಮಾತ್ರ ಡೀಸೆಲ್ ಕುಡಿದು ನಾರುತ್ತಿತ್ತು. ಊಟಕ್ಕೆ ಕುಳಿತಾಗ ಬೀಗರ ಕಡೆಯವರು ಮೂಗು ಮುಚ್ಚಿಕೊಂಡಾರೆಂದು ನಾನೇ ಅವನನ್ನು ಕೊನೆಯ ಪಂಕ್ತಿಗೆ ಎಬ್ಬಿಸಿ ಕಳಿಸಿದೆ. ನಕ್ಕೋತ ಎದ್ದುಹೋದ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಸುಮಾಳ ಮಾವನವರು, ಅಂದರೆ ನಮ್ಮ ಬೀಗರು, ಡೀಸೆಲ್-ಪೆಟ್ರೋಲ್ ಪಂಪಿನ ಮಾಲೀಕರು. ಮುಂದೆ ನಾಲ್ಕೈದು ವರ್ಷಕ್ಕೆ ಪಂಪುಗಳಲ್ಲಿ ಪ್ರೀಮಿಯಂ ಎನ್ನುವ ಹೊಸ ತುಟ್ಟಿ ಸರಕು ಬಂತು. ಅದೇ ಹೊತ್ತಿಗೆ ನಾನು ಹಿಂಬದಿಗೆ ದೊಡ್ಡ ಅಕ್ಷರದಲ್ಲಿ ಟರ್ಬೋ ಎಂದು ಬರೆದಿದ್ದ ಹೊಸ ಡೀಸೆಲ್ ಕಾರು ಕೊಂಡೆ. ಬೀಗರ ಪಂಪಿನ ಪ್ರೀಮಿಯಂ ಬಿಟ್ಟು ಬೇರೆ ಹನಿ ಹಾಕಿಸಲಿಲ್ಲ. "ನಮ್ಮ ಗಾಡಿ ಸಾದಾ ಮೂಸಿ ಸೈತ ನೋಡಾಂಗಿಲ್ಲ" ಎಂದು ಯಾರ್ಡಿನಲ್ಲೆಲ್ಲ ಜಂಬ ಕೊಚ್ಚಿದೆ. ಥೂ, ಎಂಥ ಮಾತು. ಮಿಸ್ತ್ರಿಯ ಮುಂದೆಯೂ ಕೊಚ್ಚಿದೆ.

"ಟರ್ಬೋಕ್ಕ ಪ್ರೀಮಿಯಂ ಬೇಕಂತ ಯಾರ ಹೇಳಿದ್ರಿ?" ಎಂದ.

"ಪಂಪಿನ್ಯಾಗ."

"ಮಾರಾಂವ ಮತ್ತೇನ ಹೇಳ್ತಾನ್ರಿ? ಗಾಡಿ ಕೂಡ ಪುಸ್ತಕ ಕೊಟ್ಟಾರಲ್ಲ, ಅದನ್ನ ಓದ್ರಿ."

ಓದಿದೆ. ಡೀಸೆಲ್ ಎಂದಷ್ಟೇ ಇತ್ತು.

"ನೋಡ್ರಿ ಮತ್ತ. ಟರ್ಬೋ ಅಂದ್ರ ಇಂಜಿನ್ನಿಗೆ ಗಾಳಿ ತುರುಕೂ ಪಂಖಾ. ಗಾಳಿ ಸ್ವಚ್ಛ ಇರಬೇಕು, ಆಯಿಲ್ ಸ್ವಚ್ಛ ಇರಬೇಕು, ಡೀಸೆಲ್ ಸ್ವಚ್ಛ ಇರಬೇಕು. ತುಟ್ಟಿ ಇರಬೇಕಂತ ಎಲ್ಲೀ ಬರದಿಲ್ಲ. ಪ್ರೀಮಿಯಂ ಹಾಕಿದ್ರ ಕೆಡೂದಿಲ್ಲ, ಅದರಾಗ ಒಳಗಿನ ಕಸ ತೊಳಿಯೂ ಔಷಧ ಇರತೈತಿ. ಆದ್ರ ಅದು ಖರೇ ಪ್ರೀಮಿಯಂ ಇರಬೇಕಲ್ರಿ. ಸಾದಾನ ಹಾಕ್ರಿ. ಖರೇ ಸಾದಾ ಹಾಕ್ರಿ."

ಜಿಪುಣ ಮಿಸ್ತ್ರಿ ಎಂದು ನಕ್ಕೆ.

ವರ್ಷ ತುಂಬುವುದರೊಳಗೆ ಟರ್ಬೋ ಗಾಡಿ ಧಾರವಾಡದ ಏರಿನಲ್ಲಿ ಎತ್ತಿನ ಬಂಡಿಯಾಯಿತು. ಬೆಳಿಗ್ಗೆ ಚಾಲು ಆಗಲು ಹಟ, ಚಾಲು ಆದರೆ ಕಟಕಟ ಸದ್ದು. ಮಿಸ್ತ್ರಿ ಪೈಪು ಇಳಿಬಿಟ್ಟ, ಜಗ್ಗಿದ, ಉಗುಳಿದ. ಮತ್ತೆ ಉಗುಳಿದ. ತಂಬಿಗೆ ನೀರು ತಗೊಂಡು ಬಾಯಿ ತೊಳೆದು ಮತ್ತೊಮ್ಮೆ ಉಗುಳಿದ. "ಚಿಮಣಿ ಎಣ್ಣಿ ರೀ! ಬಡವ್ರ ರೇಷನ್ನಿನ ಚಿಮಣಿ ಎಣ್ಣಿ ಕಲಿಸ್ಯಾರ. ಎಲ್ಲಿ ಹಾಕಸ್ತೀರಿ?"

ನಾನು ಹೇಳಿದೆ. ಮರುದಿನ ಅವನೇ ಹೋಗಿ ಬೀಗರ ಪಂಪಿನಿಂದ ಎರಡು ಬಾಟಲಿ ತುಂಬಿಸಿ ತಂದ. ಒಂದರಲ್ಲಿ ಸಾದಾ, ಇನ್ನೊಂದರಲ್ಲಿ ಪ್ರೀಮಿಯಂ. ಡೀಸೆಲ್ ಎಷ್ಟು ದಪ್ಪ, ಎಷ್ಟು ತೆಳು ಎಂದು ತೋರಿಸುವ ಗಾಜಿನ ಕಡ್ಡಿಯೊಂದು ಅವನಲ್ಲಿತ್ತು. ಎರಡರಲ್ಲೂ ಅದು ಒಂದೇ ಸಮ ಮುಳುಗಿತು, ಸೀಮೆಎಣ್ಣೆ ಬೆರೆತು ತೆಳುವಾಗಿದ್ದರಿಂದ ಮುಳುಗಬೇಕಾದ್ದಕ್ಕಿಂತ ಆಳಕ್ಕೆ. "ಎರಡೂ ಒಂದ ಟ್ಯಾಂಕಿನವು. ಬೋರ್ಡ್ ಅಷ್ಟ ಬ್ಯಾರೆ" ಎಂದ. ಗಾಡಿಯಲ್ಲಿ ಇಂಜಿನ್ನಿಗೆ ಡೀಸೆಲ್ ತಳ್ಳುವ ಪಂಪನ್ನು ಬಿಚ್ಚಿ ಒಳಗಿನ ಭಾಗಗಳು ಸವೆದುಹೋದದ್ದನ್ನು ನನ್ನ ಬೆರಳಿನಿಂದಲೇ ಮುಟ್ಟಿಸಿ ತೋರಿಸಿದ.

"ಮಿಸ್ತ್ರಿ, ಇದು ಇಲ್ಲೇ ಇರ್ಲಿ. ತಂಗೀನ್ನ ಕೊಟ್ಟ ಮನಿ ಅದು" ಎಂದೆ.

"ನಾ ಏನ ಡಂಗುರಾ ಹೊಡಸಾಂಗಿಲ್ರಿ. ಆದ್ರ ಯಾರರ ಬಂದು ಕೇಳಿದ್ರ ಛಲೋ ಐತಿ ಅಂತ ಹೇಳಾಂಗಿಲ್ಲ."

ಹದಿನೈದು ದಿನ ಕೂತು ಗಾಡಿ ರಿಪೇರಿ ಮಾಡಿದ. ಅಷ್ಟರಲ್ಲಿ ಇಬ್ಬರು ಟ್ಯಾಕ್ಸಿಯವರು ಬಂದು ಕೇಳಿದರು, ಅವನು ಇದ್ದದ್ದು ಹೇಳಿದ. ಮಾತು ಬೀಗರ ಕಿವಿಗೆ ಹೋಯಿತು.

ಧಾರವಾಡದಲ್ಲಿ ಸುಮಾಳ ಕುಬಸ. ಏಳು ತಿಂಗಳ ಬಸುರಿ, ಹಸಿರು ಸೀರೆ, ಮೊಣಕೈತನಕ ಹಸಿರು ಬಳೆ. ನಾವು ತವರಿನವರು ಉಂಡಿ, ಕಡಬು, ಬುತ್ತಿ ಹೊತ್ತುಕೊಂಡು ಹೋಗಿದ್ದೆವು. ಹೆಂಗಸರು ಹಾಡುತ್ತಿದ್ದರು. ಪಡಸಾಲೆಯಲ್ಲಿ ವ್ಯಾಪಾರಸ್ಥರು, ಲಾರಿ ಮಾಲೀಕರು ಕೂತಿದ್ದರು. ಅವರೆಲ್ಲರ ಎದುರಿಗೆ ಬೀಗರು ದೊಡ್ಡ ದನಿಯಲ್ಲಿ ಕೇಳಿದರು.

"ಏನ್ರಿ ಬೀಗರ, ನಮ್ಮ ಪಂಪಿನ್ಯಾಗ ಚಿಮಣಿ ಎಣ್ಣಿ ಐತಿ ಅಂತ ನಿಮ್ಮ ಮಿಸ್ತ್ರಿ ಹೇಳ್ಕೋತ ತಿರಗಾಕತ್ತಾನಂತ. ನಿಮ್ಮ ಗಾಡಿ ಹೆಸರ ಹೇಳ್ತಾನಂತ. ಖರೇ ಏನ್ರಿ?"

ಹಾಡು ನಿಂತಿತು. ಸುಮಾ ನನ್ನನ್ನು ನೋಡಿದಳು. ಹೆಣ್ಣು ಕೊಟ್ಟವರು ಬೀಗರ ಮಾತಿಗೆ ಎದುರಾಡುವ ಪದ್ಧತಿ ನಮ್ಮಲ್ಲಿಲ್ಲ.

"ಇಲ್ರಿ ಬೀಗರ. ನಿಮ್ಮ ಡೀಸೆಲ್ ಬಂಗಾರ ಐತಿ" ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಯಾರೂ ಮುಂದೆ ಕೇಳಿರಲಿಲ್ಲ. ನಾನೇ ಬಾಯಿ ಚಾಚಿದೆ. "ಆ ಮಿಸ್ತ್ರೀಗೆ ಟರ್ಬೋ ಗಾಡಿ ಕೆಲಸ ಎಲ್ಲಿ ಬರ್ತೈತ್ರಿ? ಬಿಚ್ಚಿ ಕೆಡಿಸಿದ. ತನ್ನ ತಪ್ಪ ಮುಚ್ಚಾಕ ಹಂಗ ಅಂತಾನ."

ಎಲ್ಲರೂ ನಕ್ಕರು. ಹಾಡು ಮತ್ತೆ ಶುರುವಾಯಿತು. ಎರಡು ಹೋಳಿಗೆ ತಿನ್ನುವಲ್ಲಿ ನಾಲ್ಕು ತಿಂದೆ. ಹೊರಡುವಾಗ ಬೀಗರು ಪ್ರೀತಿಯಿಂದ ನನ್ನ ಗಾಡಿಯ ಟ್ಯಾಂಕು ತುಂಬಿಸಿ ಕಳಿಸಿದರು, ಪ್ರೀಮಿಯಂ. ಮರುದಿನ ಅಷ್ಟನ್ನೂ ಗುಟ್ಟಾಗಿ ತೆಗೆಸಿ ಚೆಲ್ಲಿಸಿದೆ. ನನ್ನಂಥ ಹೇಸಿ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ಗಾಡಿಯ ಮಾಲೀಕನೇ ಹೇಳಿದ ಮೇಲೆ ಕೇಳಬೇಕೆ? ಎರಡು-ಮೂರು ತಿಂಗಳಲ್ಲಿ ಮಿಸ್ತ್ರಿಯ ಶೆಡ್ಡಿನ ಮುಂದೆ ಒಂದು ಸ್ಕೂಟರೂ ನಿಲ್ಲದಂತಾಯಿತು. ಒಂದು ದಿನ ನಮ್ಮ ಅಂಗಡಿಗೆ ಬಂದ. ಚಪ್ಪಲಿ ಬಿಟ್ಟು, ಹತ್ತಿ ತುಂಬಿದ ಅಂಡಿಗೆಗಳ ಪಕ್ಕ ನಿಂತುಕೊಂಡ. ಬೈಯುತ್ತಾನೆಂದು ಕಾದೆ. ಬೈಯಲಿಲ್ಲ.

"ಸಾವ್ಕಾರ್ರ, ನಾಕ ಮಂದಿ ಮುಂದ ಒಮ್ಮಿ ಹೇಳಿಬಿಡ್ರಿ, ಮಿಸ್ತ್ರಿ ಕೆಡಿಸಿಲ್ಲ ಅಂತ. ಅಷ್ಟ ಸಾಕು. ಪಂಪಿನ ಮಾತ ಎತ್ತಬ್ಯಾಡ್ರಿ. ಸುಮಕ್ಕಾರ ಸಂಸಾರ ಛಲೋ ಇರ್ಲಿ. ಹೊಟ್ಟಿಗೆ ಎಲ್ಲರ ದುಡದ ತಿಂತೇನ್ರಿ. ಕೆಲಸ ಬರೂದಿಲ್ಲ ಅಂತ ಮಂದಿ ಅಂದ್ರ ಮಾತ್ರ ತಡಕೊಳ್ಳಾಕ ಆಗವಲ್ದು."

"ಹೇಳ್ತೇನಿ ಮಿಸ್ತ್ರಿ, ಹೆರಿಗಿ ಒಂದ ಆಗ್ಲಿ" ಎಂದೆ.

ಹೆರಿಗೆಯಾಯಿತು. ತೊಟ್ಟಿಲಿಗೆ ಹಾಕುವುದೊಂದು ಮುಗಿಯಲಿ ಎಂದುಕೊಂಡೆ. ಅದೂ ಮುಗಿಯಿತು. ಆಮೇಲೆ ಮಗುವಿನ ಜವಳ. ಪ್ರತಿ ಸಲವೂ ಅದೇ ಪಡಸಾಲೆ, ಅದೇ ನಾಲ್ಕು ಮಂದಿ, ಬಾಯಿ ತುಂಬ ಹೋಳಿಗೆ. ಒಂದು ದಿನ ನೋಡಿದರೆ ಶೆಡ್ಡಿನ ತಗಡು ಕಿತ್ತುಕೊಂಡು ಹೋಗಿದ್ದರು. ಹಗುರಾಯಿತೆಂದು ಉಸಿರು ಬಿಟ್ಟೆ. ಇದನ್ನೂ ಬರೆಯಬೇಕು.

ನಾಲ್ಕು ವರ್ಷದ ಮೇಲೆ ಹಾವೇರಿ ಕಡೆ ಹೋಗುವಾಗ ಹೆದ್ದಾರಿ ಪಕ್ಕದ ಲಾರಿ ಗ್ಯಾರೇಜೊಂದರಲ್ಲಿ ಅವನನ್ನು ಕಂಡೆ. ಅದೇ ಕೊನೆ. ಮುಂದಿನ ವರ್ಷ ಹೋಗಿಬಿಟ್ಟನೆಂದು ಯಾರೋ ಹೇಳಿದರು. ಆ ದಿನ ಅವನು ಬೇರೊಬ್ಬರ ಕೈಕೆಳಗೆ ಲಾರಿಗಳಿಗೆ ಗ್ರೀಸು ತುಂಬುತ್ತಿದ್ದ. ನನ್ನನ್ನು ಕಂಡು ಎದ್ದು ಬಂದ.

"ಆರಾಮ ಅದೀರಿ, ಸಾವ್ಕಾರ್ರ? ಸುಮಕ್ಕಾರು? ಕೂಸು ಸಾಲಿಗಿ ಹೋಗಾಕತ್ತಿರಬೇಕಲ್ರಿ?" ಎಲ್ಲ ಕೇಳಿ, ಕೊನೆಗೆ ದನಿ ಇಳಿಸಿದ. "ಆ ಮಾತ ಹೇಳಿದ್ರೇನ್ರಿ?"

"ಹೇಳೇನಿ ಮಿಸ್ತ್ರಿ. ಎಲ್ಲಾರ ಮುಂದ ಹೇಳೇನಿ" ಎಂದೆ.

ಅವನ ಮುಖ ಅರಳಿತು. "ನೋಡ್ರಿ! ಮನ್ಯಾಗ ಆಕಿ ಮುಂದ ದಿನಾ ಹೇಳ್ತಿದ್ದೆ, ಸಾವ್ಕಾರ್ರು ಮಾತ ಕೊಟ್ಟಾರ, ಹೇಳೇ ಹೇಳತಾರ ಅಂತ. ಆಕಿ ನಂಬಲಿಲ್ರಿ. ಇವತ್ತ ಹೋಗಿ ಹೇಳ್ತೇನಿ ತಡೀರಿ." ಸ್ಟೂಲನ್ನು ತನ್ನ ಅಂಗಿಯಿಂದಲೇ ಒರೆಸಿ ನನ್ನನ್ನು ಕೂರಿಸಿದ. ಚಹಾ ತರಿಸಿದ. ನಾನು ಕೇಳದೆಯೇ ನನ್ನ ಗಾಡಿಯ ಬಾನೆಟ್ ಎತ್ತಿ ಕೆಲಸಕ್ಕೆ ನಿಂತ.

ನಾನು ಕೂತು ಚಹಾ ಕುಡಿದೆ.